ಮೊಳೆಯಿಲ್ಲದ ಹಡಗುಗಳು

ಪವಿತ್ರ ಕುರ್‌ಆನಿನ 54ನೇ ಅಧ್ಯಾಯ 'ಅಲ್ ಕಮರ್'ನಲ್ಲಿ ಪ್ರವಾದಿ ನೂಹ್ (ಅ) ಅವರ ನಾವೆಯನ್ನು ವರ್ಣಿಸುವಾಗ ಹಲಗೆಗಳ ಜೊತೆಗೆ 'ದುಸುರ್' ಎಂಬ ಪದ ಬರುತ್ತದೆ. ಸಾಮಾನ್ಯವಾಗಿ ಇದನ್ನು ಮೊಳೆಗಳು ಎಂದು ಅನುವಾದಿಸುತ್ತಾರೆ. ಆದರೆ ಹಳೆಯ ಅರಬಿ ನಿಘಂಟುಕಾರರು ಇನ್ನೊಂದು ಅರ್ಥವನ್ನೂ ಕೊಟ್ಟಿದ್ದಾರೆ: ಹಡಗಿನ ಹಲಗೆಗಳನ್ನು ಬಿಗಿಯುವ ನಾರಿನ ಹಗ್ಗ. ಇದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ನಗುತ್ತಾರೆ. ಬಟ್ಟೆ ಹೊಲಿದಂತೆ ಹಡಗು ಹೊಲಿಯಲು ಸಾಧ್ಯವೇ ಸಾರ್ ಎಂದು ಕೇಳುತ್ತಾರೆ.

ಸಾಧ್ಯ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅರಬಿ ಸಮುದ್ರದ ವ್ಯಾಪಾರ ಬಹುಪಾಲು ಸಾಗಿದ್ದು ಹೊಲಿದ ಹಡಗುಗಳಲ್ಲಿಯೇ.

ಮೊದಲು ಕೀಲ್ ಎಂಬ ಉದ್ದನೆಯ ಅಡಿಮರವನ್ನು ಇಡುತ್ತಿದ್ದರು. ಇದು ಹಡಗಿನ ಬೆನ್ನೆಲುಬು. ಅದರ ಎರಡು ತುದಿಗಳಿಗೂ ಓರೆಯಾದ ಮರ ಜೋಡಿಸಿದಾಗ ಹಡಗಿನ ಮುಂದೂ ಹಿಂದೂ ಚೂಪಾಗುತ್ತಿತ್ತು. ಆಮೇಲೆ ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಸಾಲಾಗಿ ರಂಧ್ರ ಕೊರೆದು, ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು. ಒಡಲು ರೂಪುಗೊಂಡ ನಂತರವೇ ಒಳಗೆ ಪಕ್ಕೆಲುಬಿನಂಥ ಮರಗಳನ್ನು ಕಟ್ಟುತ್ತಿದ್ದರು. ಮೊದಲು ಪಕ್ಕೆಲುಬು ನಿಲ್ಲಿಸಿ ಅದಕ್ಕೆ ಹಲಗೆ ಬಡಿಯುವ ಪದ್ಧತಿ ಯುರೋಪಿನಲ್ಲಿ ಬೆಳೆದುಬಂತು. ಅರಬಸ್ತಾನದಲ್ಲಿ ದೊಡ್ಡ ಮರಗಳಿಲ್ಲ. ತೇಗದ ಮರ ಮಲಬಾರಿನಿಂದ, ನಾರಿನ ಹುರಿ ಮಾಲ್ದೀವ್ಸ್ ಮತ್ತು ಲಕ್ಷದ್ವೀಪಗಳಿಂದ ಹೋಗುತ್ತಿತ್ತು.

ಮೊಳೆ ಏಕೆ ಬಳಸಲಿಲ್ಲ? ಸಮುದ್ರದಲ್ಲಿ ಕಾಂತದ ಬೆಟ್ಟಗಳಿವೆ, ಅವು ಕಬ್ಬಿಣವನ್ನು ಸೆಳೆಯುತ್ತವೆ ಎಂಬ ಕಥೆ ಆಗಲೇ ಹಬ್ಬಿತ್ತು. 6ನೇ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಅದನ್ನು ನಂಬದೆ, ಈ ಕಡೆಯವರ ಬಳಿ ಕಬ್ಬಿಣವಿಲ್ಲ ಎಂದು ಬರೆದ. ಭಾರತದ ಉಕ್ಕು ಹೊರದೇಶಗಳಲ್ಲಿ ಹೆಸರಾಗಿದ್ದುದನ್ನು ಬಲ್ಲ ನಾವು ಈ ಕಾರಣವನ್ನು ಒಪ್ಪಲಾರೆವು. ಸರಿಯಾದ ಉತ್ತರ ಪ್ರಯಾಣ ಮಾಡಿದವರಿಂದ ಸಿಗುತ್ತದೆ. 1183ರಲ್ಲಿ ಕೆಂಪು ಸಮುದ್ರ ದಾಟಿದ ಹಜ್ ಯಾತ್ರಿಕ ಇಬ್ನ್ ಜುಬೈರ್, ಹೊಲಿದ ದೋಣಿಗಳಿಗೆ ಶಾರ್ಕ್ ಮೀನಿನ ಎಣ್ಣೆ ಸವರಿ ಮರವನ್ನು ಮೆದುಗೊಳಿಸುತ್ತಿದ್ದುದನ್ನು ಕಂಡ. 14ನೇ ಶತಮಾನದ ಇಬ್ನ್ ಬತೂತ ಇನ್ನೂ ಸ್ಪಷ್ಟವಾಗಿ ಹೇಳಿದ್ದಾನೆ: ಮೊಳೆ ಬಡಿದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ.

ದೋಷವಿರಲಿಲ್ಲವೆಂದಲ್ಲ. ಹುರಿ ಕೊಳೆಯುತ್ತಿತ್ತು, ಮತ್ತೆ ಮತ್ತೆ ಹೊಲಿಯಬೇಕಿತ್ತು. ಹೊರ್ಮುಜ್‌ನ ಹೊಲಿದ ಹಡಗುಗಳು ಅಪಾಯಕಾರಿ ಎಂದು ಮಾರ್ಕೋ ಪೋಲೋ ದೂರಿದ್ದಾನೆ. 1498ರಲ್ಲಿ ಪೋರ್ಚುಗೀಸರು ಬಂದ ನಂತರದ ಶತಮಾನಗಳಲ್ಲಿ ದೊಡ್ಡ ಹಡಗುಗಳಿಗೆ ಮೊಳೆ ಬಂತು. ಒಡಲಿನ ಆಕಾರವೂ ಬದಲಾಯಿತು. 'ಬಗ್ಲಾ'ದ ಹಿಂಭಾಗ ಯುರೋಪಿನ ಹಡಗಿನಂತೆ ಚಪ್ಪಟೆಯಾಗಿ ಕೆತ್ತನೆಯಿಂದ ತುಂಬಿತು. 'ಬೂಮ್' ಮಾತ್ರ ಎರಡೂ ತುದಿ ಚೂಪಾದ ಹಳೆಯ ರೂಪವನ್ನು ಉಳಿಸಿಕೊಂಡಿತು. ನಮ್ಮ ಪಶ್ಚಿಮ ಕರಾವಳಿಯ ಪತ್ತೆಮಾರಿಯ ಕೀಲ್ ನಡುವೆ ತುಸು ಮೇಲಕ್ಕೆ ಬಾಗಿರುತ್ತಿತ್ತು. ಗಾಳಿ ಪಕ್ಕದಿಂದ ಬೀಸಿದಾಗ ಹಡಗು ಓರೆಯಾಗಿ ಸರಿಯದಂತೆ ತಡೆಯುವುದು ಕೀಲ್. ಆದರೆ ಅದು ತೀರ ಆಳವಾದರೆ ಮರಳು ದಿಬ್ಬಗಳಿರುವ ಅಳಿವೆಗಳಲ್ಲಿ ಹಡಗು ಸಿಕ್ಕಿಬೀಳುತ್ತದೆ. ಎರಡನ್ನೂ ತೂಗಿ ನೋಡಿದ ಮೇಸ್ತ್ರಿಗಳ ಕೈಯಲ್ಲಿ ನಕ್ಷೆ ಇರಲಿಲ್ಲ. ಕಣ್ಣಳತೆ ಮತ್ತು ಗುರುವಿನಿಂದ ಕಲಿತದ್ದು, ಇವೇ ಅವರ ಪುಸ್ತಕ.

ಈ ವಿದ್ಯೆ ಕಣ್ಮರೆಯಾಗುವ ಹಂತಕ್ಕೆ ಬಂದಿತ್ತು. 1980ರಲ್ಲಿ ಟಿಮ್ ಸೆವೆರಿನ್ ಒಮಾನ್‌ನಲ್ಲಿ 'ಸೊಹಾರ್' ಎಂಬ ಹೊಲಿದ ಹಡಗು ಕಟ್ಟಿಸಿದಾಗ ಹೊಲಿಯುವವರನ್ನು ಲಕ್ಷದ್ವೀಪದ ಅಗತ್ತಿಯಿಂದ ಕರೆಸಬೇಕಾಯಿತು. ಅದು 1981ರಲ್ಲಿ ಚೀನಾ ತಲುಪಿತು. 1998ರಲ್ಲಿ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ 9ನೇ ಶತಮಾನದ ಹೊಲಿದ ಹಡಗಿನ ಅವಶೇಷ ಸಿಕ್ಕಿತು. ಅದರಲ್ಲಿ ಚೀನಾದ ಸುಮಾರು 60,000 ಪಾತ್ರೆಗಳಿದ್ದವು. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದ ನೌಕಾನೆಲೆಯಲ್ಲಿಯೇ 'ಕೌಂಡಿನ್ಯ' ಎಂಬ ಹೊಲಿದ ಹಡಗು ನೌಕಾಪಡೆಗೆ ಸೇರಿತು. ಅದರ ಮಾದರಿ ಅಜಂತಾದ ಒಂದು ಚಿತ್ರ. ಹೊಲಿದವರು ಕೇರಳದ ಕುಶಲಕರ್ಮಿಗಳು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ನಮಗೊಂದು ಪಾಠವಿದೆ. ಪದವಿ ಪಡೆದವನನ್ನು ಮಾತ್ರ ವಿದ್ಯಾವಂತ ಎನ್ನುವ ಅಭ್ಯಾಸ ನಮಗಾಗಿದೆ. ಬಡಗಿಯ ಮಗ ತಂದೆಯ ಉಳಿ ಹಿಡಿಯಲು ನಾಚುತ್ತಾನೆ. ಆದರೆ ಚೀನಾದವರೆಗೆ ಸಾಗಿದ ಹಡಗುಗಳನ್ನು ಕಟ್ಟಿದ್ದು ಅಂಥ ಕೈಗಳೇ. ಶಾಲೆ ಮತ್ತು ಉಳಿ ಒಂದಕ್ಕೊಂದು ವಿರೋಧವಲ್ಲ. ಹಡಗುಗಳು ಬಂದು ಹೋಗುತ್ತಿದ್ದ ನಮ್ಮ ಹೊನ್ನಾವರದಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡೆನೆಂದು ಇದೇ ಇಬ್ನ್ ಬತೂತ ಬರೆದಿದ್ದಾನೆ.

ಆ ಹಡಗುಗಳಲ್ಲಿ ಒಡೆಯನನ್ನು ನಾಖುದಾ ಎನ್ನುತ್ತಿದ್ದರು. ನಕ್ಷತ್ರ ನೋಡಿ ದಾರಿ ತೋರಿಸುವವನಿಗೆ ಇದ್ದ ಹೆಸರು 'ಮುಅಲ್ಲಿಮ್'. ನಮ್ಮ ಮದ್ರಸಗಳಲ್ಲಿ ಇಂದು ಅಧ್ಯಾಪಕರನ್ನು ಕರೆಯುವುದೂ ಅದೇ ಹೆಸರಿನಿಂದ. ಕೈಕಸುಬಿನವರ ಮಕ್ಕಳೂ ನಮ್ಮ ಹಡಗಿನಲ್ಲಿದ್ದಾರೆ ಎಂಬುದನ್ನು ಅಧ್ಯಾಪಕರಾದ ನಾವು ಮರೆಯಬಾರದು.