ದುಡಿಯುವ ಬಂಡಿಯ ಪಂದ್ಯ

ಕಾರ ಹುಣ್ಣಿಮೆಯ ಹೆಸರಿನಲ್ಲಿರುವ 'ಕಾರು' ಮಳೆಗಾಲದ ಕಾರು. ಮುಂಗಾರು, ಹಿಂಗಾರುಗಳಲ್ಲಿರುವ ಕಾರು. ಮೋಟಾರು ಕಾರಿಗೂ ಅದಕ್ಕೂ ಯಾವ ನಂಟೂ ಇಲ್ಲ. ಹಾಗಿದ್ದರೂ ಈ ಎರಡನ್ನೂ ಒಂದೇ ಭಾಷಣದಲ್ಲಿ ತರುವುದಕ್ಕೆ ನನಗೊಂದು ಕಾರಣವುಂಟು. ವರ್ಷವಿಡೀ ಯಾವುದರ ಹೆಗಲ ಮೇಲೆ ಬಾಳು ಸಾಗುತ್ತದೆಯೋ ಅದನ್ನೇ ಒಂದು ದಿನ ಪಂದ್ಯಕ್ಕೆ ಇಳಿಸಿ ನೋಡುವ ಆಸೆ ನಮ್ಮ ಎರೆಭೂಮಿಯ ಒಕ್ಕಲಿಗನಿಗೂ ಉಂಟು, ಅಮೆರಿಕದ ದಕ್ಷಿಣ ಸೀಮೆಯವನಿಗೂ ಉಂಟು. ಆದರೆ ಆ ಆಸೆಯ ಬೆಲೆಯನ್ನು ತೆರುವವರು ಎರಡೂ ಕಡೆ ಒಬ್ಬರೇ ಅಲ್ಲ.

ಜ್ಯೇಷ್ಠ ಮಾಸದ ಹುಣ್ಣಿಮೆಯಂದು ಕಲಬುರಗಿಯ ಸುತ್ತಿನ ಹಳ್ಳಿಗಳಲ್ಲಿ, ಹುಮನಾಬಾದಿನ ದಾರಿಯಲ್ಲಿ ಕೆಂಬಾಳೆಗೆ ಹೆಸರಾದ ಕಮಲಾಪುರದ ಸೀಮೆಯಲ್ಲಿ, ಎತ್ತುಗಳಿಗೆ ನೊಗವಿಲ್ಲ. ಹಿಂದಿನ ದಿನವೇ ಹೊನ್ನುಗ್ಗಿ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬೆನ್ನಿಗೆ ಜೂಲ ಹೊದಿಸುತ್ತಾರೆ. ಸಂಜೆ ಊರ ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು, ಕೊಬ್ಬರಿ ಕಟ್ಟಿದ ಹಗ್ಗವನ್ನು ಬಿಗಿಯುತ್ತಾರೆ. ಅದೇ ಕರಿ. ಊರ ಹೊರಗಿನಿಂದ ಓಡಿಬರುವ ಎತ್ತುಗಳಲ್ಲಿ ಮೊದಲು ಅಗಸಿಯನ್ನು ಹೊಕ್ಕದ್ದು ಕರಿ ಹರಿದಂತೆ. ಬಿಳಿಯ ಎತ್ತು ಹರಿದರೆ ಹಿಂಗಾರಿನ ಜೋಳ ಹುಲುಸು, ಕೆಂದೆತ್ತು ಹರಿದರೆ ಮುಂಗಾರು ಕೈಹಿಡಿಯಿತು ಎಂಬುದು ನಂಬಿಕೆ. ಎತ್ತಿನ ಒಡೆಯನ ಹೆಸರು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಎತ್ತಿನ ಬಣ್ಣ ಮಾತ್ರ ಸುಗ್ಗಿಯವರೆಗೆ ನೆನಪಿನಲ್ಲಿ ಉಳಿಯುತ್ತದೆ. ಕಲಬುರಗಿಯ ಗಂಜಿನಲ್ಲಿ ತೊಗರಿಯ ರಾಶಿಯ ಮುಂದೆ ಕುಳಿತ ಅಡತಿ ಅಂಗಡಿಯವರು ಕೂಡ, ಹಳ್ಳಿಯಿಂದ ಬಂದವರನ್ನು ಯಾವ ಬಣ್ಣ ಹರಿಯಿತೆಂದು ಕೇಳುತ್ತಿದ್ದುದನ್ನು ನಾನು ಬಲ್ಲೆ.

ಇನ್ನು ಅಮೆರಿಕದ ಮಾತು. ಅಲ್ಲಿನ 'ಸ್ಟಾಕ್ ಕಾರ್' ಪಂದ್ಯವೆಂದರೆ ಮೊದಲಿಗೆ ಅಂಗಡಿಯಲ್ಲಿ ಕೊಂಡ ಕಾರನ್ನು ಕೊಂಡಂತೆಯೇ ಓಡಿಸುವ ಪಂದ್ಯವಾಗಿತ್ತು. ಜಾತ್ರೆಯ ಮೈದಾನಗಳಲ್ಲಿ ಕುದುರೆಗಳು ಓಡುತ್ತಿದ್ದ ಅಂಡಾಕಾರದ ಮಣ್ಣಿನ ದಾರಿಗಳೇ ಬಹುಮಟ್ಟಿಗೆ ಅದರ ಮೊದಲ ಕಣಗಳು. ನಮ್ಮ ಕರಿಯ ಓಟ ನೇರವಾಗಿ ಊರೊಳಕ್ಕೆ ಬರುತ್ತದೆ; ಅದನ್ನು ನೋಡಲು ಯಾರೂ ಹಣ ಕೊಡಬೇಕಾಗಿಲ್ಲ. ಅಂಡಾಕಾರದ ಕಣದಲ್ಲಾದರೋ ಕುಳಿತಲ್ಲಿಂದಲೇ ಇಡೀ ಓಟ ಕಾಣುತ್ತದೆ, ಸುತ್ತ ಬೇಲಿ ಹಾಕಬಹುದು, ಬಾಗಿಲಲ್ಲಿ ಟಿಕೆಟು ಹರಿಯಬಹುದು.

1949ರ ಜೂನ್ 19ರಂದು ಷಾರ್ಲಟ್ ನಗರದಲ್ಲಿ, ಮುಕ್ಕಾಲು ಮೈಲಿಯ ಮಣ್ಣಿನ ಕಣದಲ್ಲಿ, ನ್ಯಾಸ್ಕಾರ್ ಸಂಸ್ಥೆಯ ಇಂಥ ಮೊದಲ ಪಂದ್ಯ ನಡೆಯಿತು. ಮೊದಲು ಗುರಿ ಮುಟ್ಟಿದವನು ಗ್ಲೆನ್ ಡನವೇ. ಆದರೆ ಪರೀಕ್ಷಕರು ಬಗ್ಗಿ ನೋಡಿದಾಗ ಅವನ ಫೋರ್ಡಿನ ಹಿಂದಿನ ಸ್ಪ್ರಿಂಗುಗಳಿಗೆ ಬಲ ಕೊಟ್ಟಿದ್ದುದು ಕಂಡಿತು. ಕಳ್ಳಭಟ್ಟಿಯ ಭಾರ ಹೊತ್ತು ತಿರುವುಗಳಲ್ಲಿ ವಾಲದೆ ಓಡಲೆಂದು ಸಾಗಣೆದಾರರು ಮಾಡುತ್ತಿದ್ದ ಉಪಾಯವದು. ಗೆಲುವು ಜಿಮ್ ರೋಪರನ ಪಾಲಾಯಿತು. ಕಾರಿನ ಒಡೆಯ ನ್ಯಾಯಾಲಯಕ್ಕೆ ಹೋಗಿ ಸೋತು ಬಂದ. ಹೊಟ್ಟೆಪಾಡಿನ ಗುರುತು ಮೈಮೇಲೆ ಉಳಿದುದಕ್ಕಾಗಿ ಆ ಬಂಡಿ ಸೋತಿತೆನ್ನಬೇಕು.

ಅಮೆರಿಕದ ರೈತನಿಗೆ ಪಿಕಪ್ ಟ್ರಕ್ಕು ನಮ್ಮ ಚಕ್ಕಡಿಯಿದ್ದಂತೆ. ಅದರ ಸರಣಿ ಪಂದ್ಯ 1995ರ ಫೆಬ್ರುವರಿಯಲ್ಲಿ ಫೀನಿಕ್ಸಿನಲ್ಲಿ ಆರಂಭವಾಯಿತು. ಮೊದಲ ವರ್ಷಗಳಲ್ಲಿ ನಡುವೆ ವಿರಾಮ ಕೊಟ್ಟು ಚಕ್ರ ಬದಲಿಸುತ್ತಿದ್ದರಂತೆ, ನಾಟಕಕ್ಕೆ ಕೊಡುವಂತೆ! ಒಂದು ಮೈಲಿಗಿಂತ ಕಿರಿದಾದ ಕಣಗಳಲ್ಲಿ ಈ ಓಟದ ಸೊಗಸೇ ಬೇರೆ. ಮಾರ್ಟಿನ್ಸ್‌ವಿಲ್ಲಿನ ಕಣದ ಸುತ್ತಳತೆ ಅರ್ಧ ಮೈಲಿಗಿಂತ ತುಸು ಹೆಚ್ಚು, ಅಷ್ಟೆ. ವೇಗ ಏರುವಷ್ಟರಲ್ಲೇ ತಿರುವು ಬರುತ್ತದೆ, ಬ್ರೇಕುಗಳು ಕಾದು ಕೆಂಪಾಗುತ್ತವೆ, ಮುಂದಿನವನನ್ನು ನೂಕದೆ ದಾರಿ ಸಿಕ್ಕುವುದಿಲ್ಲ. ಆದರೆ ಈ ಟ್ರಕ್ಕುಗಳಲ್ಲಿ ರೈತನ ಬಂಡಿಯದೆಂದು ಹೇಳಬಹುದಾದುದು ಹೊರಗಿನ ಆಕಾರ ಮಾತ್ರ. ಒಳಗಿರುವುದೆಲ್ಲ ಪಂದ್ಯಕ್ಕೆಂದೇ ಹೆಣೆದ ಉಕ್ಕಿನ ಕೊಳವೆಗಳ ಹಂದರ. ನಮ್ಮಲ್ಲೂ ಗಾಡಿ ಓಟಕ್ಕೆಂದೇ ಸಾಕಿದ ಎತ್ತುಗಳು ನೇಗಿಲನ್ನು ಕಾಣುವುದು ಅಪರೂಪ.

ಭಾರತದಲ್ಲಿ ಲಾರಿಗಳ ಪಂದ್ಯ ಮೊದಲಾದದ್ದು 2014ರ ಮಾರ್ಚ್ 23ರಂದು, ಗ್ರೇಟರ್ ನೊಯ್ಡಾದಲ್ಲಿ, ಟಾಟಾ ಕಂಪನಿಯ 12 ಟ್ರಕ್ಕುಗಳೊಡನೆ. ಅದಾಗಿ ಒಂದೂವರೆ ತಿಂಗಳಿಗೆ, ಮೇ 7ರಂದು, ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನೊಡನೆ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. ಯಂತ್ರಕ್ಕೆ ಬಾಗಿಲು ತೆರೆದ ವರ್ಷವೇ ಎತ್ತಿಗೆ ಬಾಗಿಲು ಮುಚ್ಚಿತು. ನಮ್ಮ ಸೀಮೆಯ ಅನೇಕರು ಇದನ್ನು ಪಟ್ಟಣದವರ ಅನ್ಯಾಯವೆಂದರು. ಹಾಗೆನ್ನಲು ನನಗೆ ನಾಲಗೆ ಬರಲಿಲ್ಲ.

ಚಿಕ್ಕಂದಿನಲ್ಲಿ ಒಂದು ವರ್ಷ ನಮ್ಮ ಮನೆಯ ಕೆಂದೆತ್ತೇ ಕರಿ ಹರಿದಿತ್ತು. ಓಣಿಯೆಲ್ಲ ನಮ್ಮ ಅಂಗಳದಲ್ಲಿ ನೆರೆದಿತ್ತು. ಮರುದಿನ ಬೆಳಗ್ಗೆ ಕೊಟ್ಟಿಗೆಗೆ ಹೋದರೆ ಅದರ ಬಾಲದ ಬುಡ ಬಾತುಕೊಂಡಿತ್ತು, ತೊಡೆಯ ಮೇಲೆ ಬಾರುಕೋಲಿನ ಬರೆಗಳಿದ್ದವು. ಹೊಡೆದವರು ಹೊರಗಿನವರಲ್ಲ, ನಮ್ಮವರೇ. ಅಜ್ಜ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚುತ್ತಿದ್ದರು, ಯಾರೊಡನೆಯೂ ಮಾತನಾಡಲಿಲ್ಲ. ಡನವೇಯ ಫೋರ್ಡಿನ ಸ್ಪ್ರಿಂಗನ್ನು ಯಾರು ಎಷ್ಟು ತಿರುಚಿದರೂ ಅದಕ್ಕೆ ನೋವಿರಲಿಲ್ಲ.

ಕರ್ನಾಟಕವು 2017ರಲ್ಲಿ ಕಾನೂನನ್ನು ತಿದ್ದಿ, ಕಂಬಳಕ್ಕೂ ಎತ್ತಿನ ಗಾಡಿಯ ಓಟಕ್ಕೂ ಷರತ್ತಿನೊಡನೆ ಎಡೆಮಾಡಿತು. 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಎಷ್ಟೋ ಕೊಟ್ಟಿಗೆಗಳು ಬರಿದಾಗಿ, ಉಳುಮೆ ಟ್ರ್ಯಾಕ್ಟರಿನ ಪಾಲಾಗಿತ್ತು. ಬಾಗಿಲು ತೆರೆದಾಗ ಒಳಗೆ ಬರಲು ಎತ್ತುಗಳೇ ಕಡಿಮೆ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಈಗ ಟ್ರ್ಯಾಕ್ಟರಿನದೇ ಒಂದು ಪಂದ್ಯ ಬಂದಿದೆ. ಹಿಂದೆ ಟ್ರೇಲರು ಕಟ್ಟಿ, ಇಡೀ ದಾರಿಯನ್ನು ಹಿಮ್ಮುಖವಾಗಿ ಓಡಿಸಬೇಕು. ಟ್ರೇಲರು ಎಡಕ್ಕೆ ಹೊರಳಬೇಕಾದರೆ ಚಕ್ರವನ್ನು ಬಲಕ್ಕೆ ತಿರುಗಿಸಬೇಕು. ಕೈ ಒಂದಿಷ್ಟು ಹೆಚ್ಚಾದರೂ ಎರಡೂ ಮಡಚಿಕೊಂಡು ನಿಲ್ಲುತ್ತವೆ. ಹೊಲದಿಂದ ರಾಶಿ ತಂದು ಇಕ್ಕಟ್ಟಾದ ಅಂಗಳಕ್ಕೆ ನುಗ್ಗಿಸಿ ಪಳಗಿದ ಹುಡುಗರು ಕತ್ತು ಹಿಂದಕ್ಕೆ ಹೊರಳಿಸಿ, ಒಂದು ಕೈಯಲ್ಲಿ ಅದನ್ನು ಮಾಡುತ್ತಾರೆ.