ದೂರದ ಯುದ್ಧ, ಮನೆಯ ಲೆಕ್ಕ

ಕುಂದಗೋಳ ಎಂದೊಡನೆ ನಮಗೆ ಮೊದಲು ನೆನಪಾಗುವುದು ಸವಾಯಿ ಗಂಧರ್ವರ ಸಂಗೀತ. ಆದರೆ ಹುಬ್ಬಳ್ಳಿಗೆ ಹತ್ತಿರದ ಈ ಎರೆನೆಲದ ಸೀಮೆಗೆ ಇನ್ನೊಂದು ಚರಿತ್ರೆಯೂ ಇದೆ. ಅದು ಹತ್ತಿಯ ಚರಿತ್ರೆ. ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳ ಮತ್ತು ಅದರ ಸುತ್ತಲಿನ ಬ್ರಿಟಿಷ್ ಧಾರವಾಡ ಜಿಲ್ಲೆಯ ಹತ್ತಿ ಸೀಮೆಯನ್ನು ಅಮೆರಿಕದ ಒಂದು ಯುದ್ಧದೊಂದಿಗೆ ಬೆಸೆದದ್ದು ಈ ಹತ್ತಿಯೇ. ದೂರದ ಯುದ್ಧದ ಬಗ್ಗೆ ಜನರ ಅಭಿಪ್ರಾಯ ಹೇಗೆ ರೂಪುಗೊಳ್ಳುತ್ತದೆ? ಅಮೆರಿಕನ್ನರ ಕುರಿತು ಈ ಪ್ರಶ್ನೆ ಕೇಳುವ ಮೊದಲು ನಮ್ಮ ನೆಲದಲ್ಲೇ ಅದನ್ನು ಕೇಳಿಕೊಳ್ಳುವುದು ನ್ಯಾಯ.

ಕಥೆ 1840ರಿಂದ ಆರಂಭವಾಗುತ್ತದೆ. ಮ್ಯಾಂಚೆಸ್ಟರ್‌ನ ಗಿರಣಿಗಳಿಗೆ ಬೇಕಾದ ಉದ್ದ ಎಳೆಯ ಹತ್ತಿಯನ್ನು ಭಾರತದಲ್ಲಿ ಬೆಳೆಯುವ ಉದ್ದೇಶದಿಂದ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ರಾಜ್ಯಗಳಿಂದ ಹತ್ತು ಮಂದಿ ಕೃಷಿ ಅನುಭವಿಗಳನ್ನು ಕರೆತಂದಿತು. ಗುಲಾಮರ ದುಡಿಮೆಯಿಂದ ಹತ್ತಿ ಬೆಳೆಯುತ್ತಿದ್ದ ಸೀಮೆಯವರು ಅವರು. ಬೇರೆಡೆ ಅವರ ಪ್ರಯೋಗಗಳು ಬಹುಮಟ್ಟಿಗೆ ಸೋತವು. ಧಾರವಾಡದ ಮಣ್ಣು ಮಾತ್ರ ನ್ಯೂ ಆರ್ಲಿಯನ್ಸ್ ಬೀಜವನ್ನು ಒಪ್ಪಿಕೊಂಡಿತು. ಮಾರುಕಟ್ಟೆ ಅದನ್ನು 'ಧಾರವಾಡ-ಅಮೆರಿಕನ್' ಎಂದು ಕರೆಯಿತು. ನಮ್ಮ ರೈತರಿಗೆ ಅದು ವಿಲಾಯತಿ ಹತ್ತಿ. ಹಳೆಯ ಜವಾರಿ ಹತ್ತಿಗೂ ವ್ಯಾಪಾರಿಗಳು ಅದು ಹಡಗು ಏರುತ್ತಿದ್ದ ಬಂದರಿನ ಹೆಸರನ್ನೇ ಇಟ್ಟಿದ್ದರು: ಕುಮಟಾ ಹತ್ತಿ.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಬ್ರಿಟನ್ನಿನ ಗಿರಣಿಗಳಿಗೆ ಬರುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅಮೆರಿಕದ ದಕ್ಷಿಣ ರಾಜ್ಯಗಳದ್ದಾಗಿತ್ತು. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳನ್ನು ಮುಚ್ಚಿದೊಡನೆ ಲಿವರ್‌ಪೂಲ್‌ನಲ್ಲಿ ಅರಳೆಯ ಧಾರಣೆ ಏರತೊಡಗಿತು. 1864ರ ಹೊತ್ತಿಗೆ ಅದು ಮೂರು ಪಟ್ಟಿಗೂ ಮೀರಿತ್ತು. ಎಲ್ಲರ ಕಣ್ಣೂ ಭಾರತದತ್ತ ತಿರುಗಿತು. ಚಕ್ಕಡಿಗಳು ಅರಳೆ ಹೇರಿಕೊಂಡು ಘಟ್ಟ ಇಳಿದವು. ಧಾರವಾಡದ ಹತ್ತಿ ಸಾಗಿಸಲು ಕಾರವಾರವನ್ನು ದೊಡ್ಡ ಬಂದರು ಮಾಡುವ ಯೋಜನೆ ಹುಟ್ಟಿತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಮ್ಯಾಂಚೆಸ್ಟರ್ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಅರಳೆಗೆ ಕಸ, ಕಲ್ಲು ಬೆರೆಸಿ ತೂಕ ಹೆಚ್ಚಿಸುವ ಹಾವಳಿ ಎಷ್ಟಾಯಿತೆಂದರೆ, 1863ರಲ್ಲಿ ಮುಂಬೈ ಸರಕಾರ ಅದನ್ನು ತಡೆಯಲೆಂದೇ ಪ್ರತ್ಯೇಕ ಕಾಯಿದೆ ತಂದಿತು.

ಆಗ ಜನಾಭಿಪ್ರಾಯದ ಸಮೀಕ್ಷೆಗಳು ಇರಲಿಲ್ಲ. ಧಾರಣೆಯೇ ಅಭಿಪ್ರಾಯವಾಗಿತ್ತು. ಯುದ್ಧ ಮುಂದುವರಿಯುತ್ತದೆ ಎಂಬ ಸುದ್ದಿ ಬಂದರೆ ಮುಂಬೈ ಪೇಟೆಯಲ್ಲಿ ತೇಜಿ. ಸಂಧಾನದ ಗಾಳಿಸುದ್ದಿ ಹಬ್ಬಿದರೆ ಕುಸಿತ. ಯಾರೂ ದುಷ್ಟರಾಗಿರಲಿಲ್ಲ. ಆದರೂ ಗುಲಾಮಗಿರಿಯ ಅಳಿವು ಉಳಿವಿನ ಪ್ರಶ್ನೆಗಾಗಿ ಆರು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತ ಯುದ್ಧ ಬೇಗ ಮುಗಿಯದಿರಲಿ ಎಂದು ಬಯಸುವ ಪೇಟೆಯೊಂದು ಇಲ್ಲಿ ಬೆಳೆದಿತ್ತು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಬೆಲೆ ನೆಲಕಚ್ಚಿತು. ಮುಂಬೈಯ ಪಾಲು ಪೇಟೆ ಮುಳುಗಿತು. ತೇಜಿಯ ಕಾಲದ ಭರವಸೆಯಲ್ಲಿ ಸಾಲ ಮಾಡಿದ್ದ ರೈತರ ಹೆಗಲಿಗೆ ಆ ಸಾಲ ಉಳಿಯಿತು. ಶಾಂತಿ ನಮ್ಮ ಕಡೆ ನಷ್ಟದ ರೂಪದಲ್ಲಿ ಬಂತು.

ಇದೇ ಯುದ್ಧದ ಮತ್ತೊಂದು ಬದಿಯನ್ನೂ ನೋಡಬೇಕು. ಹತ್ತಿ ಬಾರದೆ ಲ್ಯಾಂಕಶೈರ್‌ನ ಗಿರಣಿಗಳು ನಿಂತವು. 1862ರ ಕೊನೆಗೆ ಅಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಪರಿಹಾರದ ಕೂಳಿನ ಮೇಲೆ ಬದುಕುತ್ತಿದ್ದರು. ದಕ್ಷಿಣದ ಪರ ನಿಂತು ಬಂದರು ತೆರೆಸಿ ಎಂದು ಕೂಗಲು ಅವರಿಗೆ ಎಲ್ಲ ಕಾರಣವೂ ಇತ್ತು. ಕೆಲವೂರುಗಳಲ್ಲಿ ಹಾಗೆ ಕೂಗಿದವರೂ ಇದ್ದರು. ಆದರೆ 1862ರ ಡಿಸೆಂಬರ್ 31ರಂದು ಮ್ಯಾಂಚೆಸ್ಟರ್‌ನಲ್ಲಿ ಸಭೆ ಸೇರಿದ ಕಾರ್ಮಿಕರು ಗುಲಾಮಗಿರಿಯ ವಿರುದ್ಧ ನಿಂತು, ಅಧ್ಯಕ್ಷ ಲಿಂಕನ್‌ಗೆ ಬೆಂಬಲದ ಪತ್ರ ಬರೆದರು. 1863ರ ಜನವರಿ 19ರಂದು ಲಿಂಕನ್ ಕೃತಜ್ಞತೆಯಿಂದ ಉತ್ತರಿಸಿದರು. ಹಸಿದ ಹೊಟ್ಟೆಯೂ ನ್ಯಾಯದ ಲೆಕ್ಕ ಹಾಕಬಲ್ಲದು ಎಂಬುದಕ್ಕೆ ಚರಿತ್ರೆಯಲ್ಲಿ ಇಂಥ ಸಾಕ್ಷಿಗಳು ಹೆಚ್ಚಿಲ್ಲ.

ಈ ಎರಡು ಲೆಕ್ಕಗಳನ್ನು ಮುಂದಿಟ್ಟುಕೊಂಡು ಇಪ್ಪತ್ತನೆಯ ಶತಮಾನದ ಅಮೆರಿಕವನ್ನು ನೋಡೋಣ. 1935ರಲ್ಲಿ ಜಾರ್ಜ್ ಗ್ಯಾಲಪ್ ತನ್ನ ಸಮೀಕ್ಷಾ ಸಂಸ್ಥೆಯನ್ನು ಆರಂಭಿಸಿದ ಮೇಲೆ ಅಲ್ಲಿನ ಜನಮನಸ್ಸು ಅಂಕಿಗಳಲ್ಲಿ ದಾಖಲಾಗುತ್ತಾ ಬಂದಿದೆ. ಯುರೋಪು ಉರಿಯುತ್ತಿದ್ದ 1941ರ ಆರಂಭದಲ್ಲಿ ಬಹುಪಾಲು ಅಮೆರಿಕನ್ನರಿಗೆ ಯುದ್ಧ ಬೇಕಿರಲಿಲ್ಲ. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದ ಮೇಲೆ ಬೇಡ ಎನ್ನುವವರೇ ಉಳಿಯಲಿಲ್ಲ. 1945ರ ಆಗಸ್ಟ್‌ನಲ್ಲಿ ಹಿರೋಶಿಮಾ, ನಾಗಸಾಕಿಗಳ ಮೇಲೆ ಅಣುಬಾಂಬು ಹಾಕಿದ್ದನ್ನು ಶೇ. 85 ಮಂದಿ ಒಪ್ಪಿದರು. ತಮ್ಮ ಮಕ್ಕಳು ಮನೆಗೆ ಮರಳುತ್ತಾರೆ ಎಂಬುದು ಅವರಿಗೆ ಮುಖ್ಯವಾಗಿತ್ತು. ಎಪ್ಪತ್ತು ವರ್ಷಗಳ ನಂತರ, 2015ರಲ್ಲಿ, ಪ್ಯೂ ಸಂಸ್ಥೆ ಕೇಳಿದಾಗ ಅದು ಸರಿ ಎಂದವರು ಶೇ. 56ಕ್ಕೆ ಇಳಿದಿದ್ದರು.

ವಿಯೆಟ್ನಾಂ ಯುದ್ಧದಲ್ಲೂ ಹೀಗೆಯೇ. ಸೈನ್ಯ ಕಳಿಸಿದ್ದು ತಪ್ಪು ಎಂದವರು 1965ರಲ್ಲಿ ಶೇ. 24, 1968ರ ಆಗಸ್ಟ್‌ನಲ್ಲಿ ಅರ್ಧಕ್ಕಿಂತ ಹೆಚ್ಚು. ತಮ್ಮ ಸೈನಿಕರ ಸಾವು ಏರಿದಂತೆ ಯುದ್ಧಕ್ಕೆ ಬೆಂಬಲ ಇಳಿಯುತ್ತದೆ ಎಂದು ಜಾನ್ ಮ್ಯೂಲರ್ ಎಂಬ ವಿದ್ವಾಂಸರು ಅಂಕಿಗಳ ಸಹಿತ ವಾದಿಸಿದರು. ಸತ್ತ ಅಮೆರಿಕನ್ ಸೈನಿಕರು 58 ಸಾವಿರ. ಸತ್ತ ತನ್ನ ಜನ 30 ಲಕ್ಷಕ್ಕೂ ಹೆಚ್ಚು ಎಂದು ವಿಯೆಟ್ನಾಂ ಸರಕಾರ 1995ರಲ್ಲಿ ಹೇಳಿತು. ಅಭಿಪ್ರಾಯವನ್ನು ತಿರುಗಿಸಿದ್ದು ಮುಖ್ಯವಾಗಿ ಮೊದಲನೆಯ ಅಂಕಿ. 1973ರಲ್ಲಿ ಕಡ್ಡಾಯ ಸೈನ್ಯ ಭರ್ತಿ ನಿಂತಿತು. ಆಮೇಲೆ ಹೆಚ್ಚಿನ ಮನೆಗಳಿಗೆ ಯುದ್ಧವೆಂಬುದು ಟಿ.ವಿ.ಯ ಸುದ್ದಿಯಾಯಿತು.

2003ರ ಮಾರ್ಚ್‌ನಲ್ಲಿ ಇರಾಕಿನ ಮೇಲೆ ದಾಳಿ ನಡೆದಾಗ ಹತ್ತರಲ್ಲಿ ಏಳು ಅಮೆರಿಕನ್ನರು ಒಪ್ಪಿದ್ದರು. ಯಾವ ಸಮೂಹನಾಶಕ ಅಸ್ತ್ರಗಳ ಹೆಸರಿನಲ್ಲಿ ದಾಳಿ ನಡೆಯಿತೋ ಅವು ಸಿಗಲೇ ಇಲ್ಲ. 2007ರ ಫೆಬ್ರವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್ ನಡೆಸಿದ ಸಮೀಕ್ಷೆಯೊಂದು ನಮ್ಮ ಪಾಲಿಗೆ ಎಲ್ಲಕ್ಕಿಂತ ಮುಖ್ಯ. ಸತ್ತ ತಮ್ಮ ಸೈನಿಕರು ಎಷ್ಟು ಎಂದು ಕೇಳಿದರೆ ಅಮೆರಿಕನ್ನರ ಅಂದಾಜು ಮೂರು ಸಾವಿರದ ಆಸುಪಾಸು. ಅದು ಹೆಚ್ಚುಕಡಿಮೆ ಸರಿಯಾಗಿತ್ತು. ಸತ್ತ ಇರಾಕಿ ನಾಗರಿಕರು ಎಷ್ಟು ಎಂದು ಕೇಳಿದರೆ ಸುಮಾರು ಹತ್ತು ಸಾವಿರ ಎಂದರು. ಆ ಹೊತ್ತಿಗೆ ದಾಖಲಾದ ಸಾವುಗಳೇ ಐವತ್ತು ಸಾವಿರ ದಾಟಿದ್ದವು.

ಇದನ್ನು ಓದಿ ಅಮೆರಿಕನ್ನರನ್ನು ಹಳಿಯುವುದು ಸುಲಭ. ಅದೇ ದೇಶದಲ್ಲಿ 1982ರ ಜೂನ್ 12ರಂದು ಲಕ್ಷಾಂತರ ಜನ ಅಣ್ವಸ್ತ್ರಗಳ ವಿರುದ್ಧ ನ್ಯೂಯಾರ್ಕಿನ ಬೀದಿಗಿಳಿದಿದ್ದರು. ಇರಾಕ್ ದಾಳಿಗೂ ಮುನ್ನ, 2003ರ ಫೆಬ್ರವರಿಯಲ್ಲಿ, ಅದೇ ನಗರದಲ್ಲಿ ದೊಡ್ಡ ಪ್ರತಿಭಟನೆ ನಡೆದಿತ್ತು. 1998ರ ಮೇ ತಿಂಗಳಲ್ಲಿ ಪೋಖರಣ್‌ನಲ್ಲಿ ಅಣುಪರೀಕ್ಷೆ ನಡೆದಾಗ ನಮ್ಮ ನಗರಗಳಲ್ಲಿ ಸಿಹಿ ಹಂಚಿದವರು ನಾವೇ. ಬಾಂಬು ಯಾರ ಮನೆಯ ಮೇಲೆ ಬೀಳಬಹುದು ಎಂದು ಆ ದಿನ ಕೇಳಿದವರು ಕೆಲವರು ಮಾತ್ರ.

ದೂರದ ಯುದ್ಧವನ್ನು ಮನೆಯ ಲಾಭ ನಷ್ಟದಲ್ಲಿ ಅಳೆಯುವುದು ಒಂದು ದೇಶದ ಗುಣವಲ್ಲ, ಮನುಷ್ಯನ ಗುಣ. 1864ರ ಹತ್ತಿ ಪೇಟೆಯೂ 2003ರ ಅಮೆರಿಕವೂ ಹಿಡಿದದ್ದು ಅದೇ ತಕ್ಕಡಿಯನ್ನು. ಆದರೆ ತಕ್ಕಡಿಯನ್ನು ಬದಲಿಸಲು ಸಾಧ್ಯ ಎಂಬುದನ್ನು ಮ್ಯಾಂಚೆಸ್ಟರ್‌ನ ಹಸಿದ ನೇಕಾರರು ತೋರಿಸಿಕೊಟ್ಟರು. ಅವರು ಆ ಗುಲಾಮರ ಮುಖ ಕಂಡಿರಲಿಲ್ಲ. ಅವರೂ ಮನುಷ್ಯರು ಎಂಬುದಷ್ಟೇ ಗೊತ್ತಿತ್ತು. ಯುದ್ಧದ ಬಗ್ಗೆ ಅಭಿಪ್ರಾಯ ಹೇಳುವ ಮೊದಲು ಆಚೆ ಬದಿಯಲ್ಲಿ ಸತ್ತವರೆಷ್ಟು ಎಂದು ಕೇಳುವ ಅಭ್ಯಾಸ ನಮಗೂ ಬರಬೇಕಾಗಿದೆ.