ಅಂಡಾಶಯದ ಗುಳ್ಳೆ: ಕಾಣುವುದರಿಂದ ಕಾಯುವುದರವರೆಗೆ

“ಬಲ ಅಂಡಾಶಯದಲ್ಲಿ 42×38 ಮಿ.ಮೀ. ಅಳತೆಯ ಅನೆಕೋಯಿಕ್ ಸಿಸ್ಟ್. ತೆಳು ಗೋಡೆ. ಸೆಪ್ಟಾ ಇಲ್ಲ. ಸಾಲಿಡ್ ಭಾಗ ಇಲ್ಲ.”

ಕಿಬ್ಬೊಟ್ಟೆ ನೋವೆಂದು ಸ್ಕ್ಯಾನಿಂಗಿಗೆ ಹೋಗಿ, ಬಾಟಲಿಗಟ್ಟಲೆ ನೀರು ಕುಡಿದು, ಮೂತ್ರ ಕಟ್ಟಿಕೊಂಡು, ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕದ ಕೆಳಗಿನ ಬೆಂಚಿನಲ್ಲಿ ಸರದಿ ಕಾದ ಮೂವತ್ತರ ಹೆಣ್ಣುಮಗಳ ಕೈಗೆ ಇಂಥದೊಂದು ರಿಪೋರ್ಟ್ ಬರುತ್ತದೆ. ಅವಳ ಕಣ್ಣಿಗೆ ಬೀಳುವುದು ಒಂದೇ ಪದ: ಸಿಸ್ಟ್. ಮನೆ ಮುಟ್ಟುವಷ್ಟರಲ್ಲಿ ಅದು ‘ಗಡ್ಡೆ’ಯಾಗಿರುತ್ತದೆ. ರಾತ್ರಿ ಊಟದ ಹೊತ್ತಿಗೆ ಕ್ಯಾನ್ಸರಿನ ಭಯ ಮನೆಯನ್ನೆಲ್ಲ ಆವರಿಸಿರುತ್ತದೆ. ಆದರೆ ಆ ಸಾಲುಗಳಲ್ಲಿ ಓದಬೇಕಾದದ್ದು ಎರಡು ಸಲ ಬಂದಿರುವ ‘ಇಲ್ಲ’ ಎಂಬ ಮಾತನ್ನು. ಅನೆಕೋಯಿಕ್ ಅಂದರೆ ಒಳಗಿನಿಂದ ಪ್ರತಿಧ್ವನಿ ಬರದಂಥದು, ತಿಳಿನೀರು ತುಂಬಿದ ಚೀಲ. ಸೆಪ್ಟಾ ಅಂದರೆ ಒಳಗಿನ ಅಡ್ಡಗೋಡೆ, ಸಾಲಿಡ್ ಅಂದರೆ ಗಟ್ಟಿ. ಈ ಒಂದೊಂದು ಪದದ ಹಿಂದೆಯೂ ಸುಮಾರು ಎಪ್ಪತ್ತು ವರ್ಷಗಳ ಕಲಿಕೆ ಇದೆ. ವೈದ್ಯಲೋಕ ಮೊದಲು ಗುಳ್ಳೆಯನ್ನು ಕಾಣಲು ಕಲಿಯಿತು, ಆಮೇಲೆ ಬಣ್ಣಿಸಲು ಕಲಿಯಿತು. ಎಲ್ಲಕ್ಕಿಂತ ಕಷ್ಟಪಟ್ಟು ಕಲಿತದ್ದು, ಮುಟ್ಟದೆ ಕಾಯುವುದನ್ನು.

ಕೊಯ್ದರಷ್ಟೇ ತಿಳಿಯುತ್ತಿದ್ದ ಕಾಲ

1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿ ಸೀಮೆಯ ಡ್ಯಾನ್‌ವಿಲ್ ಊರಿನಲ್ಲಿ ಎಫ್ರೈಮ್ ಮೆಕ್‌ಡವೆಲ್ ಎಂಬ ವೈದ್ಯ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಹೊಟ್ಟೆ ಕೊಯ್ದು ಅಂಡಾಶಯದ ಗಡ್ಡೆಯೊಂದನ್ನು ತೆಗೆದ. ತೂಕ ಸುಮಾರು ಹತ್ತು ಕಿಲೋ. ಅರಿವಳಿಕೆ ಇನ್ನೂ ಬಂದಿರದ ಕಾಲವದು. ಆಕೆ ಬದುಕಿದ್ದಷ್ಟೇ ಅಲ್ಲ, ಮುಂದೆ ಮೂವತ್ತೆರಡು ವರ್ಷ ಬಾಳಿದಳು. ಅಂಡಾಶಯದ ಶಸ್ತ್ರಚಿಕಿತ್ಸೆ ಮೊದಲಾದದ್ದು ಅಲ್ಲಿಂದ. ಆದರೆ ಆಮೇಲೂ ಒಂದೂವರೆ ಶತಮಾನ ಒಳಗೇನಿದೆ ಎಂಬ ಪ್ರಶ್ನೆಗೆ ವೈದ್ಯರ ಬೆರಳೇ ಉತ್ತರ ಹೇಳಬೇಕಿತ್ತು. ಕೈಗೆ ಸಿಕ್ಕಿದ್ದು ನೀರೋ, ಮಾಂಸವೋ, ಉಬ್ಬಿದ ಗರ್ಭಕೋಶವೋ ಎಂಬುದು ಹೊಟ್ಟೆ ಕೊಯ್ದ ಮೇಲೆಯೇ ಖಚಿತ. ಎಕ್ಸ್‌ರೇ ಬಂದ ನಂತರವೂ ಈ ಮೆತ್ತನೆಯ ಅಂಗಗಳ ಮಟ್ಟಿಗೆ ಹೆಚ್ಚೇನೂ ಬದಲಾಗಲಿಲ್ಲ.

ಬಾಯ್ಲರ್ ಕಾರ್ಖಾನೆಯಲ್ಲಿ ಹುಟ್ಟಿದ ಕಣ್ಣು

ಇಯಾನ್ ಡೊನಾಲ್ಡ್ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಸೂತಿ ಪ್ರಾಧ್ಯಾಪಕರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿದ್ದವರು, ರೇಡಾರ್ ಮತ್ತು ಸೋನಾರ್ ಬಲ್ಲವರು. ಕಡಲಿನೊಳಗಿನ ಜಲಾಂತರ್ಗಾಮಿಯನ್ನು ಪ್ರತಿಧ್ವನಿಯಿಂದ ಹುಡುಕಬಹುದಾದರೆ ಹೊಟ್ಟೆಯೊಳಗಿನ ಗಡ್ಡೆಯನ್ನೇಕೆ ಹುಡುಕಬಾರದು ಎಂಬುದು ಅವರ ಯೋಚನೆ. 1955ರ ಜುಲೈನಲ್ಲಿ ಒಂದು ದಿನ, ಆಗಷ್ಟೇ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ, ಗರ್ಭಕೋಶದ ಗಟ್ಟಿ ಗಡ್ಡೆಗಳಾದ ಫೈಬ್ರಾಯ್ಡ್‌ಗಳನ್ನೂ ಅಂಡಾಶಯದ ಸಿಸ್ಟ್ ಒಂದನ್ನೂ ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಅವರು ರೆನ್‌ಫ್ರೂ ಊರಿನ ಬಾಬ್‌ಕಾಕ್ ಅಂಡ್ ವಿಲ್‌ಕಾಕ್ಸ್ ಕಾರ್ಖಾನೆಗೆ ಹೋದರು. ಬಾಯ್ಲರ್ ತಯಾರಿಸುವ ಆ ಕಾರ್ಖಾನೆಯಲ್ಲಿ ಲೋಹದೊಳಗಿನ ಬಿರುಕು ಪತ್ತೆಹಚ್ಚುವ ಅಲ್ಟ್ರಾಸೌಂಡ್ ಯಂತ್ರವಿತ್ತು. ಹೋಲಿಕೆಗೆಂದು ಅಲ್ಲಿನವರು ದೊಡ್ಡದೊಂದು ಮಾಂಸದ ತುಂಡನ್ನೂ ಒದಗಿಸಿದರು.

ಪರದೆ ತೋರಿಸಿದ್ದು ಸರಳವಾದ ಒಂದು ವ್ಯತ್ಯಾಸವನ್ನು. ಸಿಸ್ಟಿನೊಳಗೆ ಹೊಕ್ಕ ಧ್ವನಿಗೆ ನೀರು ಅಡ್ಡಿ ಮಾಡಲಿಲ್ಲ. ಮುಂದಿನ ಗೋಡೆಯಿಂದ ಒಂದು ಪ್ರತಿಧ್ವನಿ, ನಡುವೆ ಮೌನ, ಹಿಂದಿನ ಗೋಡೆಯಿಂದ ಮತ್ತೊಂದು. ಗಟ್ಟಿಯಾದ ಫೈಬ್ರಾಯ್ಡಿನೊಳಗೆ ಹೊಕ್ಕ ಧ್ವನಿ ಹೋಗುತ್ತ ಹೋಗುತ್ತ ಕ್ಷೀಣಿಸಿತು. ಇಂದಿನ ರಿಪೋರ್ಟಿನ ‘ಅನೆಕೋಯಿಕ್’, ‘ಸಾಲಿಡ್’ ಎಂಬ ಎರಡು ಪದಗಳ ಬೇರು ಇಲ್ಲಿದೆ.

ಮುಂದೆ ಈ ವಿದ್ಯೆ ಒಂದು ಜೀವ ಉಳಿಸಿತು. ಹೊಟ್ಟೆ ಉಬ್ಬಿದ್ದ ಮಹಿಳೆಯೊಬ್ಬಳಿಗೆ ಕೈಮೀರಿದ ಜಠರದ ಕ್ಯಾನ್ಸರ್ ಎಂದು ತೀರ್ಮಾನವಾಗಿತ್ತು. ಡೊನಾಲ್ಡ್ ಯಂತ್ರವಿಟ್ಟು ನೋಡಿದಾಗ ಕಂಡದ್ದು ಹೊಟ್ಟೆತುಂಬ ಹರಡಿದ ನೀರಲ್ಲ, ಸುತ್ತ ಗೋಡೆಯಿದ್ದ ಭಾರೀ ಗುಳ್ಳೆ. ಅಂಡಾಶಯದ ಆ ಸಿಸ್ಟನ್ನು ತೆಗೆದರು, ಅದು ಕ್ಯಾನ್ಸರ್ ಆಗಿರಲಿಲ್ಲ, ಆಕೆ ಚೇತರಿಸಿಕೊಂಡಳು. ಡೊನಾಲ್ಡ್, ಜಾನ್ ಮೆಕ್‌ವಿಕಾರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಸೇರಿ 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಈ ಕೆಲಸ ಜಗತ್ತಿಗೆ ಗೊತ್ತಾಯಿತು.

ಬೂದು ಬಣ್ಣದ ಭಾಷೆ

ಮೊದಲ ಚಿತ್ರಗಳಲ್ಲಿ ಇದ್ದದ್ದು ಕಪ್ಪು, ಬಿಳುಪು ಎರಡೇ. ಗೋಡೆ ಎಲ್ಲಿದೆ ಎಂಬುದು ಕಾಣುತ್ತಿತ್ತು, ಒಳಗಿನ ಹೂರಣ ತಿಳಿಯುತ್ತಿರಲಿಲ್ಲ. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಜಾರ್ಜ್ ಕೊಸೊಫ್ ಮತ್ತು ಸಂಗಡಿಗರ ಕೆಲಸದಿಂದ ಪರದೆಗೆ ಬೂದು ಬಣ್ಣದ ಹಲವು ಛಾಯೆಗಳು ಬಂದವು. ಚಿತ್ರ ಪರದೆಯ ಮೇಲೆ ಆಗಿಂದಾಗಲೇ ಚಲಿಸತೊಡಗಿತು. 1980ರ ದಶಕದಲ್ಲಿ ಯೋನಿಯ ಮೂಲಕ ನೋಡುವ ಸ್ಕ್ಯಾನ್, ಅಂದರೆ ಟಿವಿಎಸ್, ಬಳಕೆಗೆ ಬಂತು. ಹೊಟ್ಟೆಯ ಕೊಬ್ಬು, ಕರುಳುಗಳನ್ನು ದಾಟಿ ನೋಡುವ ಬದಲು ಪ್ರೋಬ್ ಅಂಡಾಶಯದ ಪಕ್ಕಕ್ಕೇ ಬಂತು. ಹತ್ತಿರದಿಂದ ನೋಡುವುದರಿಂದ ಹೆಚ್ಚು ಕಂಪನಾಂಕದ ಧ್ವನಿ ಬಳಸಬಹುದಾಯಿತು, ಮಿಲಿಮೀಟರ್ ಲೆಕ್ಕದ ವಿವರ ಸಿಕ್ಕಿತು.

ಆಗ ಗುಳ್ಳೆಗಳಿಗೆ ಒಂದೊಂದು ಮುಖ ಬಂತು. ಅಂಡಾಣು ಬಿಡುಗಡೆಯಾದ ಜಾಗದಲ್ಲಿ ರಕ್ತ ತುಂಬಿ ಹೆಪ್ಪುಗಟ್ಟುತ್ತಿರುವುದು ಹೆಮರೇಜಿಕ್ ಸಿಸ್ಟ್. ಒಳಗೆ ಜೇಡರ ಬಲೆಯಂಥ ನವಿರು ಎಳೆಗಳು ಕಾಣುತ್ತವೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಕರಗಿಹೋಗುತ್ತದೆ. ಎಂಡೊಮೆಟ್ರಿಯೋಸಿಸ್‌ನಿಂದಾಗುವ ‘ಚಾಕೊಲೇಟ್ ಸಿಸ್ಟ್’ನಲ್ಲಿ ಹಳೆಯ ರಕ್ತ ಮಂದವಾಗಿ ತುಂಬಿರುತ್ತದೆ, ಪರದೆಯ ಮೇಲೆ ಅದು ಮಸುಕು ಗಾಜಿನಂತೆ ಒಂದೇ ಸಮ ಬೂದು. ಡರ್ಮಾಯ್ಡ್ ಎಂಬ ಗಡ್ಡೆಯಲ್ಲಿ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಅವು ಧ್ವನಿಯನ್ನು ತಡೆದು ಹಿಂದೆ ಕಪ್ಪು ನೆರಳು ಬೀಳಿಸುತ್ತವೆ. ಅನುಭವಿ ಕಣ್ಣು ಇವುಗಳಲ್ಲಿ ಹೆಚ್ಚಿನವನ್ನು ನೋಡಿದೊಡನೆ ಗುರುತಿಸುತ್ತದೆ.

ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವಂತೆ

ಕಣ್ಣು ಚುರುಕಾದಂತೆ ಹೊಸ ತೊಡಕು ಎದುರಾಯಿತು. ಒಬ್ಬ ವೈದ್ಯರು ‘ಕಾಂಪ್ಲೆಕ್ಸ್ ಸಿಸ್ಟ್’ ಎಂದು ಬರೆದದ್ದನ್ನು ಇನ್ನೊಬ್ಬರು ಬೇರೆಯೇ ಬಗೆಯಲ್ಲಿ ಅರ್ಥ ಮಾಡಿಕೊಳ್ಳುತ್ತಿದ್ದರು. 1990ರಲ್ಲಿ ಇಯಾನ್ ಜೇಕಬ್ಸ್ ಮತ್ತು ಸಂಗಡಿಗರು ‘ಆರ್‌ಎಂಐ’ ಎಂಬ ಅಂಕಲೆಕ್ಕ ಕೊಟ್ಟರು. ಸ್ಕ್ಯಾನಿನ ಅಂಕ, ಮುಟ್ಟು ನಿಂತಿದೆಯೇ ಎಂಬುದರ ಅಂಕ, ರಕ್ತಪರೀಕ್ಷೆಯ ಸಿಎ-125 ಪ್ರಮಾಣ, ಈ ಮೂರರ ಗುಣಲಬ್ಧವೇ ಆರ್‌ಎಂಐ. ಮುಟ್ಟು ನಿಂತವರಿಗೆ 3, ಉಳಿದವರಿಗೆ 1. ಸ್ಕ್ಯಾನಿನಲ್ಲಿ ಅನುಮಾನದ ಗುರುತು ಒಂದಿದ್ದರೆ 1, ಎರಡೋ ಹೆಚ್ಚೋ ಇದ್ದರೆ 3. ಮುಟ್ಟು ನಿಂತಾಕೆಯ ಸಿಎ-125 ಮೂವತ್ತು, ಗುರುತು ಒಂದೇ ಎಂದಾದರೆ 1×3×30, ಅಂದರೆ 90. ಅದೇ ರಕ್ತದ ಅಂಕಿ, ಆದರೆ ಗುರುತು ಎರಡು ಎಂದಾದರೆ 3×3×30, ಅಂದರೆ 270. ಇನ್ನೂರು ದಾಟಿದರೆ ಕ್ಯಾನ್ಸರ್ ತಜ್ಞರ ಬಳಿ ಕಳಿಸುವುದು ರೂಢಿಯಾಯಿತು. ರಕ್ತ ಬದಲಾಗದಿದ್ದರೂ ಚಿತ್ರದ ವಿವರ ದಾರಿ ಬದಲಿಸಿತು ಎಂಬುದನ್ನು ಗಮನಿಸಿ.

ಅದೇ ಹೊತ್ತಿಗೆ ಬಂದ ಕಲರ್ ಡಾಪ್ಲರ್ ಗಡ್ಡೆಯೊಳಗಿನ ರಕ್ತದ ಹರಿವನ್ನು ತೋರಿಸಿತು. ಇನ್ನು ಕ್ಯಾನ್ಸರನ್ನು ಬಣ್ಣದಿಂದಲೇ ಗುರುತಿಸಬಹುದು ಎಂಬ ಉತ್ಸಾಹ ಹಬ್ಬಿತು. ಆದರೆ ಅಂಡಾಣು ಬಿಡುಗಡೆಯಾದ ಜಾಗದಲ್ಲಿ ಪ್ರತಿ ತಿಂಗಳು ಸಹಜವಾಗಿ ಮೂಡುವ ಕಾರ್ಪಸ್ ಲೂಟಿಯಂ ಸುತ್ತಲೂ ರಕ್ತದ ಹರಿವು ಉಂಗುರದಂತೆ ಧಗಧಗಿಸುತ್ತದೆ. ಬಣ್ಣವೊಂದೇ ಸಾಲದು ಎಂಬುದು ಅರಿವಾಯಿತು.

ನಿಜವಾದ ತಿರುವು 1999ರಲ್ಲಿ ಆರಂಭವಾದ ‘ಅಯೋಟಾ’ ಎಂಬ ಅಂತರರಾಷ್ಟ್ರೀಯ ಕೂಟದಿಂದ. ಡಿರ್ಕ್ ಟಿಮ್ಮರ್‌ಮನ್, ಲಿಲ್ ವ್ಯಾಲೆಂಟಿನ್, ಟಾಮ್ ಬೋರ್ನ್ ಮೊದಲಾದವರು ಮಾಡಿದ ಮೊದಲ ಕೆಲಸವೆಂದರೆ ಪದಗಳಿಗೆ ಒಮ್ಮತದ ಅರ್ಥ ಕೊಟ್ಟದ್ದು. 2000ದಲ್ಲಿ ಅದು ಪ್ರಕಟವಾಯಿತು. 2008ರಲ್ಲಿ ‘ಸಿಂಪಲ್ ರೂಲ್ಸ್’ ಬಂದವು: ಐದು ಒಳ್ಳೆಯ ಲಕ್ಷಣ, ಐದು ಕೆಟ್ಟ ಲಕ್ಷಣ. ಒಂದೇ ಕೋಣೆಯ ಗುಳ್ಳೆ, ಹಿಂದೆ ಬೀಳುವ ನೆರಳು, ರಕ್ತದ ಹರಿವು ಇಲ್ಲದಿರುವುದು ಒಳ್ಳೆಯದರ ಸಾಲಿಗೆ. ಅಂಕುಡೊಂಕಾದ ಗಟ್ಟಿ ಗಡ್ಡೆ, ಹೊಟ್ಟೆಯಲ್ಲಿ ನೀರು ತುಂಬಿರುವುದು, ಗೋಡೆಯಿಂದ ಒಳಚಾಚಿದ ನಾಲ್ಕು ಅಥವಾ ಹೆಚ್ಚು ಮೊಳಕೆಗಳು, ಬಲವಾದ ರಕ್ತದ ಹರಿವು ಕೆಟ್ಟದರ ಸಾಲಿಗೆ. ಅಮೆರಿಕದ ರೇಡಿಯಾಲಜಿ ಕಾಲೇಜು 2020ರಲ್ಲಿ ಪ್ರಕಟಿಸಿದ ‘ಒ-ರಾಡ್ಸ್’ ಪದ್ಧತಿ ಇದನ್ನೇ ಅಂಕಿಗೆ ಇಳಿಸಿತು. ಒಂದು ಎಂದರೆ ಸಹಜ ಅಂಡಾಶಯ. ಎರಡು ಎಂದರೆ ಕ್ಯಾನ್ಸರಿನ ಸಾಧ್ಯತೆ ಶೇಕಡಾ 1ಕ್ಕಿಂತ ಕಡಿಮೆ. ಮೂರಕ್ಕೆ ಶೇ. 1ರಿಂದ 10, ನಾಲ್ಕಕ್ಕೆ 10ರಿಂದ 50, ಐದಕ್ಕೆ 50 ಮತ್ತು ಹೆಚ್ಚು. ಸೊನ್ನೆ ಎಂದರೆ ಪರೀಕ್ಷೆ ಪೂರ್ಣವಾಗಿಲ್ಲ ಎಂದರ್ಥ, ರೋಗವಿಲ್ಲ ಎಂದಲ್ಲ.

ಕಾಯುವ ಧೈರ್ಯ

ಅಂಡಾಶಯದ ಗಡ್ಡೆಯನ್ನು ಮೊದಲು ಕೊಯ್ದು ತೆಗೆದ ಕೆಂಟಕಿಯಲ್ಲೇ, ಯಾವುದನ್ನು ಕೊಯ್ಯಬೇಕಿಲ್ಲ ಎಂಬುದಕ್ಕೂ ದೊಡ್ಡ ಸಾಕ್ಷ್ಯ ಸಿಕ್ಕಿತು. ಕೆಂಟಕಿ ವಿಶ್ವವಿದ್ಯಾಲಯದವರು ಐವತ್ತು ದಾಟಿದ 15,106 ಮಹಿಳೆಯರನ್ನು ವರ್ಷವರ್ಷವೂ ಸ್ಕ್ಯಾನ್ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. 2,763 ಮಂದಿಯಲ್ಲಿ ಒಂಟಿಕೋಣೆಯ ಗುಳ್ಳೆಗಳು ಕಂಡವು. ಅಂಥ ಗುಳ್ಳೆಗಳಲ್ಲಿ ಶೇ. 69ರಷ್ಟು ತಾವಾಗಿಯೇ ಮಾಯವಾದವು. ಬೇರೆ ಯಾವ ಬದಲಾವಣೆಯೂ ಸೇರದೆ ಬರೀ ಒಂಟಿಕೋಣೆಯ ಗುಳ್ಳೆಯಾಗಿಯೇ ಉಳಿದ ಕಡೆ ಒಬ್ಬರಿಗೂ ಅಂಡಾಶಯದ ಕ್ಯಾನ್ಸರ್ ಬರಲಿಲ್ಲ. 2019ರಲ್ಲಿ ಅಯೋಟಾ ಕೂಟ, ಸ್ಕ್ಯಾನಿನಲ್ಲಿ ನಿರುಪದ್ರವಿ ಎನಿಸಿದ ಗಡ್ಡೆಯನ್ನು ತೆಗೆಯದೆ ಗಮನಿಸುತ್ತ ಬಂದ 1,919 ಮಹಿಳೆಯರ ಎರಡು ವರ್ಷಗಳ ಲೆಕ್ಕ ಕೊಟ್ಟಿತು. ಐವರಲ್ಲಿ ಒಬ್ಬರಿಗೆ ಅದು ತಾನಾಗಿ ಕರಗಿತ್ತು. ಕ್ಯಾನ್ಸರ್ ಎಂದು ತಿಳಿದದ್ದು ಶೇ. 0.4ರಷ್ಟು ಮಂದಿಯಲ್ಲಿ. ಅಂಡಾಶಯ ತಿರುಚಿಕೊಂಡದ್ದೂ ಅಷ್ಟೇ ಪ್ರಮಾಣದಲ್ಲಿ.

ಹಾಗಾದರೆ ಎಲ್ಲ ಮಹಿಳೆಯರಿಗೂ ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ಕ್ಯಾನ್ಸರನ್ನು ಮೊಳಕೆಯಲ್ಲೇ ಹಿಡಿಯಬಾರದೇ? ಬ್ರಿಟನ್ನಿನಲ್ಲಿ 2,02,638 ಮಹಿಳೆಯರನ್ನು ಒಳಗೊಂಡ ಅಧ್ಯಯನ ಇದನ್ನೇ ಪರೀಕ್ಷಿಸಿತು. 2021ರಲ್ಲಿ ಬಂದ ಉತ್ತರ ನಿರಾಸೆಯದು: ತೊಂದರೆಯಿಲ್ಲದವರಿಗೆ ಮಾಡಿದ ತಪಾಸಣೆಯಿಂದ ಸಾವಿನ ಸಂಖ್ಯೆ ಇಳಿಯಲಿಲ್ಲ. ಸ್ಕ್ಯಾನ್ ತೊಂದರೆ ಇದ್ದವರಿಗೆ ದಾರಿ ತೋರಿಸುವ ದೀಪ. ಎಲ್ಲರನ್ನೂ ಕಾಯುವ ಕಾವಲುಗಾರ ಅದಾಗಲಿಲ್ಲ.

ನಮ್ಮ ನೆಲದಲ್ಲಿ ಓದುವಾಗ

ನಮ್ಮಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಪದ ‘ಪಿಸಿಒಡಿ’. ‘ಪಾಲಿಸಿಸ್ಟಿಕ್’ ಎಂಬ ಅದರ ಹೆಸರಿನಲ್ಲೇ ಸಿಸ್ಟ್ ಇದೆ, ಆದರೆ ಅಲ್ಲಿ ಕಾಣುವವು ಸಿಸ್ಟ್‌ಗಳಲ್ಲ. ಅಂಡಾಣುವಿರುವ ಪುಟ್ಟ ಚೀಲಗಳಾದ ಫಾಲಿಕಲ್‌ಗಳು, ಬೆಳೆಯುವುದನ್ನು ಅರ್ಧಕ್ಕೆ ನಿಲ್ಲಿಸಿದಂಥವು. ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾದ ಗಡ್ಡೆ ಅಲ್ಲಿ ಇರುವುದಿಲ್ಲ. 2003ರ ರಾಟರ್‌ಡ್ಯಾಮ್ ಸೂತ್ರದಂತೆ ಸ್ಕ್ಯಾನಿನ ಮಟ್ಟಿಗೆ ಒಂದು ಅಂಡಾಶಯದಲ್ಲಿ ಹನ್ನೆರಡು ಫಾಲಿಕಲ್ ಕಂಡರೆ ಸಾಕಿತ್ತು. ಯಂತ್ರಗಳು ಚುರುಕಾಗಿ ಆರೋಗ್ಯವಂತರಲ್ಲೂ ಹೆಚ್ಚು ಫಾಲಿಕಲ್ ಕಾಣತೊಡಗಿದ ಮೇಲೆ 2018ರಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿದರು. ಸ್ಕ್ಯಾನ್ ಒಂದನ್ನೇ ನಂಬಿ ಹದಿಹರೆಯದ ಹುಡುಗಿಗೆ ಪಿಸಿಒಡಿ ಎಂಬ ಹಣೆಪಟ್ಟಿ ಅಂಟಿಸುವುದು ಸಲ್ಲದು.

ಇನ್ನೊಂದು ಎಚ್ಚರ ಕ್ಷಯದ್ದು. ಹೊಟ್ಟೆಯ ಕ್ಷಯದಲ್ಲಿ ನೀರೂ ತುಂಬುತ್ತದೆ, ಸಿಎ-125 ಕೂಡ ಏರುತ್ತದೆ. ಎಂಡೊಮೆಟ್ರಿಯೋಸಿಸ್‌ನಲ್ಲಿ, ಮುಟ್ಟಿನ ದಿನಗಳಲ್ಲಿ ಸಹ ಆ ಅಂಕಿ ಏರಬಹುದು. ಕ್ಷಯ ಇನ್ನೂ ಬೀಡುಬಿಟ್ಟಿರುವ ನಮ್ಮಂಥ ದೇಶದಲ್ಲಿ ಅಂಕಿ ಏರಿದ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು. ಮದುವೆಯಾಗದ ಹುಡುಗಿಯರಿಗೆ ನಮ್ಮಲ್ಲಿ ಸಾಮಾನ್ಯವಾಗಿ ಟಿವಿಎಸ್ ಮಾಡುವುದಿಲ್ಲ. ಹೊಟ್ಟೆಯ ಮೇಲಿನಿಂದ ನೋಡಿದ ಸ್ಕ್ಯಾನಿಗೆ ಮಿತಿಯಿರುವುದನ್ನು ಅವರ ರಿಪೋರ್ಟ್ ಓದುವಾಗ ನೆನಪಿಡಬೇಕು.

ನನಗೆ ಎಲ್ಲಕ್ಕಿಂತ ನೋವು ತರುವುದು ‘ಗುಳ್ಳೆ ಇದೆ, ಗರ್ಭಕೋಶ ತೆಗೆಸಿಬಿಡಿ’ ಎಂಬ ಮಾತು. ಗುಳ್ಳೆ ಇರುವುದು ಅಂಡಾಶಯದಲ್ಲಿ, ಗರ್ಭಕೋಶವೇ ಬೇರೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2023ರಲ್ಲಿ ನಿರ್ದೇಶನ ಕೊಡಬೇಕಾಗಿ ಬಂತು ಎಂದರೆ, ಈ ತಿಳಿವಳಿಕೆ ಹಳ್ಳಿಯ ಮನೆಗಳನ್ನು ತಲುಪುವುದು ಎಷ್ಟು ಅವಸರದ ಕೆಲಸ ಎಂದು ಯೋಚಿಸಬೇಕು.

ಕಾಯುವುದು ಎಂದರೆ ಕಡೆಗಣಿಸುವುದಲ್ಲ. ಒಮ್ಮೆಲೇ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತಡೆಯಲಾರದಷ್ಟು ನೋವು ಬಂದು ವಾಂತಿಯಾದರೆ ಅಂಡಾಶಯ ತಿರುಚಿಕೊಂಡಿರಬಹುದು. ಡಾಪ್ಲರ್‌ನಲ್ಲಿ ರಕ್ತದ ಹರಿವು ಕಂಡರೂ ಆ ಸಾಧ್ಯತೆ ತಳ್ಳಿಹಾಕಲಾಗದು. ಆಗ ಗಂಟೆಗಳೂ ಮುಖ್ಯ, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತವರಲ್ಲಿ ವಾರಗಟ್ಟಲೆ ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರದ ಅವಸರ ಇದ್ದರೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗಿ ಸುಮ್ಮನಿರಬಾರದು.

ಈಗ ಆ ರಿಪೋರ್ಟನ್ನು ಇನ್ನೊಮ್ಮೆ ಓದೋಣ. ವಯಸ್ಸು ಮೂವತ್ತು, ಮುಟ್ಟು ನಡೆಯುತ್ತಿದೆ. ಗುಳ್ಳೆಯೊಳಗೆ ತಿಳಿನೀರು, ಒಂದೇ ಕೋಣೆ, ಗೋಡೆ ತೆಳು, ಗಟ್ಟಿ ಭಾಗವಿಲ್ಲ, ಅಳತೆ ಐದು ಸೆಂಟಿಮೀಟರಿನ ಒಳಗೆ. ಒ-ರಾಡ್ಸ್ ಪ್ರಕಾರ ಇದು ಎರಡನೆಯ ದರ್ಜೆ, ಈ ಅಳತೆಯ ಸಾದಾ ಗುಳ್ಳೆಗೆ ಮತ್ತೆ ಸ್ಕ್ಯಾನ್ ಕೂಡ ಕಡ್ಡಾಯವಲ್ಲ. ಅವಳ ನೋವಿಗೆ ಕಾರಣವೇನೆಂದು ವೈದ್ಯರು ನೋಡಬೇಕು, ಅದು ಬೇರೆ ಮಾತು. ಈ ಗುಳ್ಳೆಯ ಮಟ್ಟಿಗೆ ಆ ಮನೆಯವರು ಇವತ್ತು ರಾತ್ರಿ ನೆಮ್ಮದಿಯಿಂದ ಊಟ ಮಾಡಬಹುದು.